ಗೆಳೆಯರ ಚಿತ್ರಗಳಿಗೆ ಗೋಡೆ ದೊರಕಿಸಿದ ಗುಸ್ತಾವ್ ಕೈಬೊಟ್

ಪ್ಯಾರಿಸ್ ನಗರದ ಸೇನ್ ನದಿಯ ದಂಡೆಯಲ್ಲಿ, ಒಂದು ಕಾಲಕ್ಕೆ ರೈಲು ನಿಲ್ದಾಣವಾಗಿದ್ದ ಭವ್ಯ ಕಟ್ಟಡದಲ್ಲಿ ಇಂದು ಒರ್ಸೇ ವಸ್ತುಸಂಗ್ರಹಾಲಯವಿದೆ. ಜಗತ್ತಿನ ಮೂಲೆಮೂಲೆಗಳಿಂದ ಬರುವ ಕಲಾಸಕ್ತರು ಅಲ್ಲಿ ರೆನ್ವಾರ್ ಚಿತ್ರಿಸಿದ 'ಮೂಲಾಂ ದ ಲಾ ಗಲೆಟ್‌ನ ನೃತ್ಯಕೂಟ'ದ ಮುಂದೆ ಮೈಮರೆತು ನಿಲ್ಲುತ್ತಾರೆ. ಮೊನೆಯ ಸೇಂಟ್ ಲಜಾರ್ ರೈಲು ನಿಲ್ದಾಣದ ಹೊಗೆಯನ್ನೂ ಪಿಸಾರೊನ ಕೆಂಪು ಛಾವಣಿಗಳನ್ನೂ ಕಣ್ತುಂಬಿಕೊಳ್ಳುತ್ತಾರೆ. ಆದರೆ ಈ ಚಿತ್ರಗಳ ಪಕ್ಕದ ಪುಟ್ಟ ಫಲಕದಲ್ಲಿ ದಾನಿಯ ಹೆಸರೆಂದು ನಮೂದಾಗಿರುವ ಗುಸ್ತಾವ್ ಕೈಬೊಟ್ ಯಾರೆಂದು ವಿಚಾರಿಸುವವರು ಕಡಿಮೆ.

ಕೈಬೊಟ್ ಬರಿಯ ದಾನಿಯಲ್ಲ, ಸ್ವತಃ ಚಿತ್ರಕಾರ. ಇಂಪ್ರೆಷನಿಸ್ಟ್ ಕಲಾವಿದರ ಎಂಟು ಪ್ರದರ್ಶನಗಳ ಪೈಕಿ ಐದರಲ್ಲಿ ತನ್ನ ಕೃತಿಗಳನ್ನಿಟ್ಟವನು. ಬಾಡಿಗೆಗೆ ಹಣವಿಲ್ಲದ ಗೆಳೆಯರಿಗೆ ಬಾಡಿಗೆ ತೆತ್ತವನು, ಯಾರೂ ಕೊಳ್ಳದ ಚಿತ್ರಗಳನ್ನು ಕೊಂಡವನು, ಜಗಳವಾಡಿ ಚೆದುರಿದವರನ್ನು ಮತ್ತೆ ಒಂದೇ ಸೂರಿನಡಿ ತಂದವನು. ಇಷ್ಟಾದರೂ ಅವನ ಮರಣಾನಂತರ ಸುಮಾರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಲಾ ಇತಿಹಾಸದಲ್ಲಿ ಆತ ಎಲೆಮರೆಯ ಕಾಯಿಯಾಗಿಯೇ ಉಳಿದ.

ಸಿರಿವಂತರ ಮನೆಯ ಮಗ

1848ರ ಆಗಸ್ಟ್ 19ರಂದು ಪ್ಯಾರಿಸ್‌ನಲ್ಲಿ ಗುಸ್ತಾವ್ ಜನಿಸಿದ. ತಂದೆ ಮಾರ್ಷಿಯಲ್ ಕೈಬೊಟ್ ಸೇನೆಗೆ ಹಾಸಿಗೆ, ಬಟ್ಟೆಗಳನ್ನು ಒದಗಿಸುವ ಉದ್ಯಮದಿಂದ ಅಪಾರ ಸಂಪತ್ತು ಗಳಿಸಿದ್ದರು. ವಾಣಿಜ್ಯ ನ್ಯಾಯಾಲಯದಲ್ಲಿ ನ್ಯಾಯಾಧೀಶರೂ ಆಗಿದ್ದರು. ಎರಡು ಬಾರಿ ವಿಧುರರಾಗಿದ್ದ ಅವರು ಮೂರನೆಯ ಬಾರಿ ಕೈಹಿಡಿದ ಸೆಲೆಸ್ತ್ ದೊಫ್ರೆನ್ ಅವರ ಹಿರಿಯ ಮಗನೇ ಗುಸ್ತಾವ್. ರೆನೆ ಮತ್ತು ಮಾರ್ಷಿಯಲ್ ಅವನ ಒಡಹುಟ್ಟಿದ ತಮ್ಮಂದಿರು.

1860ರಲ್ಲಿ ಕುಟುಂಬವು ಪ್ಯಾರಿಸ್‌ನ ಆಗ್ನೇಯಕ್ಕಿರುವ ಯೇರ್ ಎಂಬಲ್ಲಿ ವಿಶಾಲವಾದ ತೋಟದ ಮನೆಯೊಂದನ್ನು ಕೊಂಡಿತು. ಅದೇ ಹೆಸರಿನ ಪುಟ್ಟ ನದಿ ಆ ತೋಟದ ಅಂಚಿನಲ್ಲೇ ಹರಿಯುತ್ತಿತ್ತು. ಬೇಸಿಗೆಯ ದಿನಗಳಲ್ಲಿ ಸಹೋದರರು ಅಲ್ಲಿ ಈಜಿದರು, ದೋಣಿ ನಡೆಸಿದರು. ಮುಂದೆ ಗುಸ್ತಾವ್‌ನ ಕುಂಚದಲ್ಲಿ ಮರುಹುಟ್ಟು ಪಡೆದ ನೀರು, ಹುಟ್ಟು, ದೋಣಿಗಳೆಲ್ಲ ಆ ದಿನಗಳ ಕೊಡುಗೆ.

ಮನೆತನದ ಸಂಪ್ರದಾಯದಂತೆ ಆತ ಕಾನೂನು ಓದಿ 1868ರಲ್ಲಿ ಪದವಿ ಪಡೆದ. 1870ರಲ್ಲಿ ಫ್ರಾನ್ಸ್ ಹಾಗೂ ಪ್ರಷ್ಯಾಗಳ ನಡುವೆ ಯುದ್ಧ ಸಿಡಿದಾಗ ಸೇನಾಸೇವೆಗೆ ಕರೆ ಬಂತು. ಯುದ್ಧ ಮುಗಿಸಿ ಹಿಂದಿರುಗಿದ ತರುಣನಿಗೆ ನ್ಯಾಯಾಲಯದ ಕಡೆ ಮನಸ್ಸು ತಿರುಗಲಿಲ್ಲ. ಆ ಕಾಲದ ಹೆಸರಾಂತ ಚಿತ್ರಕಾರ ಲಿಯೊಂ ಬೊನಾನ ಕಲಾಶಾಲೆಯನ್ನು ಸೇರಿದ. 1873ರಲ್ಲಿ ಸರ್ಕಾರದ ಪ್ರತಿಷ್ಠಿತ ಕಲಾಶಾಲೆಗೂ ಪ್ರವೇಶ ದೊರೆಯಿತು. ಆದರೆ ಪಾಠಕ್ಕಿಂತ ಹೆಚ್ಚಾಗಿ ಅವನನ್ನು ಸೆಳೆದದ್ದು ಶಾಲೆಯ ಹೊರಗೆ ನಡೆಯುತ್ತಿದ್ದ ಬಂಡಾಯ.

1874ರಲ್ಲಿ ಮೊನೆ, ರೆನ್ವಾರ್, ಪಿಸಾರೊ, ದೆಗಾ, ಸಿಸ್ಲಿ, ಸೆಜಾನ್, ಬರ್ತ್ ಮೊರಿಸೊ ಮೊದಲಾದವರು ಸೇರಿ, ಸರ್ಕಾರಿ ಆಶ್ರಯದ ವಾರ್ಷಿಕ ಪ್ರದರ್ಶನವಾದ 'ಸಲೋನ್'ನ ಹಂಗಿಲ್ಲದೆ ತಮ್ಮದೇ ಪ್ರದರ್ಶನವನ್ನು ಏರ್ಪಡಿಸಿದರು. ಪತ್ರಿಕೆಗಳು ಗೇಲಿ ಮಾಡಿದವು. ಮೊನೆಯ ಸೂರ್ಯೋದಯದ ಚಿತ್ರವೊಂದರ ಹೆಸರನ್ನೇ ಹಿಡಿದು ವಿಮರ್ಶಕನೊಬ್ಬ ಮಾಡಿದ ಹಾಸ್ಯದಿಂದ 'ಇಂಪ್ರೆಷನಿಸ್ಟ್' ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಪ್ರದರ್ಶನದಿಂದ ಹೆಸರಾಗಲಿ ಹಣವಾಗಲಿ ಬರಲಿಲ್ಲ. ಕೈಬೊಟ್ ಆ ಮೊದಲ ಪ್ರದರ್ಶನದಲ್ಲಿ ಭಾಗವಹಿಸಿರಲಿಲ್ಲ. ಅದೇ ವರ್ಷದ ಡಿಸೆಂಬರ್ 25ರಂದು ತಂದೆ ತೀರಿಕೊಂಡರು. ಇಪ್ಪತ್ತಾರರ ತರುಣ ದೊಡ್ಡ ಆಸ್ತಿಯ ಪಾಲುದಾರನಾದ.

ತಿರಸ್ಕೃತವಾದ ಕೂಲಿಕಾರರು

1875ರಲ್ಲಿ ಕೈಬೊಟ್ 'ನೆಲ ಹೆರೆಯುವವರು' ಎಂಬ ಚಿತ್ರವನ್ನು ಪೂರ್ಣಗೊಳಿಸಿದ. ಬರಿಮೈಯ ಮೂವರು ಕೆಲಸಗಾರರು ಮಂಡಿಯೂರಿ, ಮರದ ನೆಲಹಾಸನ್ನು ಹೆರೆಯುತ್ತಿದ್ದಾರೆ. ಎದುರಿನ ಕಿಟಕಿಯಿಂದ ಬಿದ್ದ ಬೆಳಕು ಅವರ ಬೆನ್ನಿನ ಮೇಲೂ ಹೊಳಪಿನ ಹಲಗೆಗಳ ಮೇಲೂ ಹರಡಿದೆ. ಸುತ್ತಲೂ ಸುರುಳಿಸುರುಳಿಯಾದ ಹೊಟ್ಟು, ಬದಿಯಲ್ಲಿ ಒಂದು ಮದ್ಯದ ಸೀಸೆ. ದುಡಿಮೆಯ ಚಿತ್ರಗಳು ಫ್ರೆಂಚರಿಗೆ ಹೊಸವಲ್ಲ. ಹೊಲ ಉಳುವ, ತೆನೆ ಆಯುವ ರೈತರನ್ನು ಹಿಂದಿನವರು ಚಿತ್ರಿಸಿದ್ದರು. ನಗರದ ಕೂಲಿಕಾರನನ್ನು, ಅದೂ ಶ್ರೀಮಂತರ ಮನೆಯೊಳಗೆ ಬೆವರು ಸುರಿಸುವವನನ್ನು, ಇಷ್ಟು ಹತ್ತಿರದಿಂದ, ಯಾವ ನೀತಿಬೋಧೆಯೂ ಇಲ್ಲದೆ ಚಿತ್ರಿಸಿದ್ದು ಹೊಸತಾಗಿತ್ತು. ಸಲೋನ್‌ನ ಆಯ್ಕೆ ಮಂಡಳಿ ಚಿತ್ರವನ್ನು ತಿರಸ್ಕರಿಸಿತು.

ಆ ತಿರಸ್ಕಾರವೇ ಅವನನ್ನು ಬಂಡಾಯಗಾರರ ಪಾಳಯಕ್ಕೆ ಕರೆತಂದಿತು. 1876ರ ಏಪ್ರಿಲ್‌ನಲ್ಲಿ ವ್ಯಾಪಾರಿ ದ್ಯುರಾಂ ರುಯೆಲ್‌ನ ಮಳಿಗೆಯಲ್ಲಿ ನಡೆದ ಎರಡನೆಯ ಪ್ರದರ್ಶನದಲ್ಲಿ 'ನೆಲ ಹೆರೆಯುವವರು' ಜನರ ಕಣ್ಣಿಗೆ ಬಿತ್ತು. ಕೆಲವರು ಮೆಚ್ಚಿದರು, ಕೆಲವರು ಇದು ಕಲೆಯಲ್ಲ, ಛಾಯಾಚಿತ್ರದ ನಕಲು ಎಂದು ಮೂಗು ಮುರಿದರು. ಕಾದಂಬರಿಕಾರ ಎಮಿಲಿ ಜೋಲಾ ಕೂಡ ಅದರ ಅತಿಯಾದ ನಿಖರತೆಯನ್ನು ಒಪ್ಪಲಿಲ್ಲ. ಮೊನೆ, ರೆನ್ವಾರ್‌ರಂತೆ ಬಿಡಿಬಿಡಿಯಾದ ಕುಂಚದ ಹೊಡೆತ ಕೈಬೊಟ್‌ನದಾಗಿರಲಿಲ್ಲ. ಅವನ ರೇಖೆ ಬಿಗಿ, ಅಳತೆ ಖಚಿತ. ಆದರೆ ನೋಡುವ ಕೋನ ಮಾತ್ರ ಯಾರೂ ಊಹಿಸದಂಥದ್ದು. ಈ ಭಿನ್ನತೆಯೇ ಮುಂದೆ ಅವನನ್ನು ಅಪ್ಪಟ ಇಂಪ್ರೆಷನಿಸ್ಟ್ ಎಂದು ಪರಿಗಣಿಸಲು ಹಲವರು ಹಿಂಜರಿಯುವುದಕ್ಕೆ ಕಾರಣವಾಯಿತು.

ಇಪ್ಪತ್ತೆಂಟನೆಯ ವಯಸ್ಸಿನ ಉಯಿಲು

1876ರ ನವೆಂಬರ್ 1ರಂದು ತಮ್ಮ ರೆನೆ ಹಠಾತ್ತನೆ ತೀರಿಕೊಂಡ. ಅವನಿಗಿನ್ನೂ 25 ವರ್ಷ. ಅದೇ ವರ್ಷ ಗುಸ್ತಾವ್ ರಚಿಸಿದ್ದ ಚಿತ್ರವೊಂದರಲ್ಲಿ ರೆನೆ ಮನೆಯ ಕಿಟಕಿಯ ಬಳಿ ನಮಗೆ ಬೆನ್ನು ಮಾಡಿ, ಬಿಸಿಲು ಬಿದ್ದ ಬೀದಿಯನ್ನು ನೋಡುತ್ತ ನಿಂತಿದ್ದಾನೆ. ತಂದೆಯ ನಂತರ ತಮ್ಮನನ್ನೂ ಕಳೆದುಕೊಂಡ ಗುಸ್ತಾವ್‌ಗೆ ತಾನೂ ಅಲ್ಪಾಯುಷಿಯೆಂಬ ಶಂಕೆ ಮೂಡಿತು. ಎರಡೇ ದಿನಗಳಲ್ಲಿ, ನವೆಂಬರ್ 3ರಂದು, ಆತ ತನ್ನ ಉಯಿಲನ್ನು ಬರೆದಿಟ್ಟ.

ಇಪ್ಪತ್ತೆಂಟು ವರ್ಷದ ಅವಿವಾಹಿತನ ಆ ಉಯಿಲಿನ ಮೊದಲ ಚಿಂತೆ ಗೆಳೆಯರದಾಗಿತ್ತು. 1878ರಲ್ಲಿ ಅವರ ಪ್ರದರ್ಶನವನ್ನು ಸಾಧ್ಯವಾದಷ್ಟು ಉತ್ತಮವಾಗಿ ನಡೆಸಲು ತನ್ನ ಆಸ್ತಿಯಿಂದ ಹಣ ತೆಗೆದಿಡಬೇಕೆಂದು ಆತ ವಿಧಿಸಿದ. ದೆಗಾ, ಮೊನೆ, ಪಿಸಾರೊ, ರೆನ್ವಾರ್, ಸೆಜಾನ್, ಸಿಸ್ಲಿ, ಮೊರಿಸೊ ಅದರಲ್ಲಿರಬೇಕೆಂದು ಹೆಸರಿಸಿದ. ತನ್ನ ಬಳಿಯಿದ್ದ ಅವರ ಚಿತ್ರಗಳನ್ನು ಫ್ರೆಂಚ್ ಸರ್ಕಾರಕ್ಕೆ ಬಿಟ್ಟುಕೊಟ್ಟ. ಆದರೆ ಅದಕ್ಕೊಂದು ಷರತ್ತು ಇತ್ತು. ಚಿತ್ರಗಳು ಅಟ್ಟಕ್ಕೇರಬಾರದು, ದೂರದ ಊರಿನ ಯಾವುದೋ ಸಂಗ್ರಹಾಲಯಕ್ಕೂ ಸಾಗಬಾರದು. ಅವು ಮೊದಲು ಜೀವಂತ ಕಲಾವಿದರ ಕೃತಿಗಳಿಗೆ ಮೀಸಲಾದ ಪ್ಯಾರಿಸ್‌ನ ಲುಕ್ಸಂಬೂರ್ ಸಂಗ್ರಹಾಲಯದಲ್ಲಿ, ಮುಂದೆ ಲೂವ್ರ್‌ನಲ್ಲಿ ತೂಗಬೇಕು. ಜನ ಇದನ್ನು ಒಪ್ಪುವುದಕ್ಕೆ ಇಪ್ಪತ್ತು ವರ್ಷ ಹಿಡಿದರೂ ಹಿಡಿಯಬಹುದೆಂಬುದು ಅವನಿಗೆ ತಿಳಿದಿತ್ತು. ಉಯಿಲನ್ನು ಜಾರಿಗೊಳಿಸುವ ಹೊಣೆಯನ್ನು ರೆನ್ವಾರ್‌ಗೆ ವಹಿಸಿದ. ಸಲೋನ್ ಬಾಗಿಲು ತೆರೆಯದ ಕಾಲದಲ್ಲಿ ಈ ತರುಣ ಕೇಳಿದ್ದು ಲೂವ್ರ್‌ನ ಗೋಡೆಯನ್ನು.

ಒಂದೇ ಸೂರಿನಡಿ

1877ರ ಮೂರನೆಯ ಪ್ರದರ್ಶನ ಬಹುಮಟ್ಟಿಗೆ ಕೈಬೊಟ್‌ನ ಸಾಧನೆ. ಲ ಪೆಲೆಟಿಯೆ ಬೀದಿಯಲ್ಲಿ ವಿಶಾಲವಾದ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಖರ್ಚನ್ನು ತಾನೇ ಹೊತ್ತು, ಒಬ್ಬೊಬ್ಬರನ್ನೂ ಮಾತನಾಡಿಸಿ ಒಪ್ಪಿಸಿದ. 18 ಮಂದಿ ಕಲಾವಿದರು ಭಾಗವಹಿಸಿದರು. ಗೇಲಿಗೆಂದು ಬಂದಿದ್ದ 'ಇಂಪ್ರೆಷನಿಸ್ಟ್' ಎಂಬ ಹೆಸರನ್ನು ಗುಂಪು ಬಹಿರಂಗವಾಗಿ ತನ್ನದಾಗಿಸಿಕೊಂಡದ್ದು ಇಲ್ಲಿಯೇ. ರೆನ್ವಾರ್‌ನ ನೃತ್ಯಕೂಟ, ಮೊನೆಯ ರೈಲು ನಿಲ್ದಾಣದ ಚಿತ್ರಗಳು ಮೊದಲ ಬಾರಿಗೆ ಜನರೆದುರು ಬಂದವು. ಸೇಂಟ್ ಲಜಾರ್ ನಿಲ್ದಾಣವನ್ನು ಚಿತ್ರಿಸಲೆಂದು ಮೊನೆ ಆ ಆಸುಪಾಸಿನಲ್ಲಿ ಹಿಡಿದಿದ್ದ ಕೋಣೆಯ ಬಾಡಿಗೆಯನ್ನು ತೆತ್ತವನೂ ಕೈಬೊಟ್‌ನೇ.

ಅದೇ ಪ್ರದರ್ಶನದಲ್ಲಿ ಅವನ 'ಪ್ಯಾರಿಸ್ ಬೀದಿ, ಮಳೆಯ ದಿನ' ಎಂಬ ಬೃಹತ್ ಚಿತ್ರವೂ ಇತ್ತು. ಎತ್ತರ ಎರಡು ಮೀಟರಿಗೂ ಮಿಗಿಲು, ಅಗಲ ಸುಮಾರು 2.76 ಮೀಟರ್. ಬ್ಯಾರನ್ ಓಸ್ಮಾನ್ ಹಳೆಯ ಓಣಿಗಳನ್ನು ಕೆಡವಿ ನಿರ್ಮಿಸಿದ ಹೊಸ ಪ್ಯಾರಿಸ್‌ನ ನೇರ ಬೀದಿಗಳು, ಒಂದೇ ಅಳತೆಯ ಕಟ್ಟಡಗಳು, ಒದ್ದೆ ಕಲ್ಲುಹಾಸು. ಕೊಡೆ ಹಿಡಿದ ದಂಪತಿ ನೋಡುಗನತ್ತಲೇ ನಡೆದು ಬರುತ್ತಿದ್ದಾರೆ. ಬಲ ಅಂಚಿನಲ್ಲಿ ಒಬ್ಬನ ದೇಹ ಅರ್ಧಕ್ಕೇ ಕತ್ತರಿಸಿಹೋಗಿದೆ. ಮಳೆಯ ಹನಿಗಳು ಕಾಣುವುದಿಲ್ಲ, ಮಳೆ ಮಾತ್ರ ಎಲ್ಲೆಲ್ಲೂ ಇದೆ. ಜನಸಂದಣಿಯ ನಡುವೆಯೂ ಯಾರಿಗೂ ಯಾರೂ ಸಂಬಂಧಿಸದ ಆ ನಗರದ ಏಕಾಂತವನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಚಿತ್ರಿಸಿದವರು ಆ ಗುಂಪಿನಲ್ಲಿ ಬೇರೆ ಇರಲಿಲ್ಲ. ಜೊತೆಗಿದ್ದ 'ಯುರೋಪ್ ಸೇತುವೆ'ಯಲ್ಲಿ ಕಬ್ಬಿಣದ ತೊಲೆಗಳೇ ಚಿತ್ರದ ಅರ್ಧವನ್ನು ಆವರಿಸಿದ್ದವು.

1878ರಲ್ಲಿ ತಾಯಿ ತೀರಿಕೊಂಡರು. ಮರುವರ್ಷ ಯೇರ್‌ನ ತೋಟದ ಮನೆ ಮಾರಾಟವಾಯಿತು. ಗುಸ್ತಾವ್ ಮತ್ತು ಕಿರಿಯ ಮಾರ್ಷಿಯಲ್ ಓಸ್ಮಾನ್ ಮಾರ್ಗದ ಮಹಡಿ ಮನೆಯಲ್ಲಿ ನೆಲೆಸಿದರು. ಅಲ್ಲಿಯ ಬಾಲ್ಕನಿಯಿಂದ ಗುಸ್ತಾವ್ ಕಂಡ ಪ್ಯಾರಿಸ್ ಬೇರೆಯೇ. 1880ರ ಚಿತ್ರವೊಂದರಲ್ಲಿ ಆತ ನೇರ ಕೆಳಗೆ ನೋಡುತ್ತಾನೆ. ಮರದ ಕೊಂಬೆಗಳ ನಡುವೆ ಪಾದಚಾರಿ ಮಾರ್ಗ, ಒಂದು ಬೆಂಚು, ನಡೆವವರ ಟೋಪಿಗಳು. ಆಕಾಶವಿಲ್ಲ, ದಿಗಂತವಿಲ್ಲ. ಛಾಯಾಗ್ರಾಹಕರು ಇಂಥ ನೋಟವನ್ನು ರೂಢಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ.

ಆದರೆ ಗುಂಪಿನೊಳಗೆ ಬಿರುಕು ಬೆಳೆಯುತ್ತಿತ್ತು. ದೆಗಾ ತನ್ನ ಆಪ್ತರನ್ನು, ಮುಖ್ಯವಾಗಿ ರಾಫಾಯೆಲಿ ಎಂಬ ಕಲಾವಿದನನ್ನು, ಪ್ರದರ್ಶನಕ್ಕೆ ಸೇರಿಸಲೇಬೇಕೆಂದು ಹಟ ಹಿಡಿದ. ಇದರಿಂದ ಗುಂಪಿನ ಗುರಿಯೇ ದಿಕ್ಕು ತಪ್ಪುತ್ತಿದೆಯೆಂದು ಕೈಬೊಟ್ 1881ರ ಆರಂಭದಲ್ಲಿ ಪಿಸಾರೊಗೆ ಪತ್ರ ಬರೆದು ನೋವು ತೋಡಿಕೊಂಡ. ಪಿಸಾರೊ ದೆಗಾನನ್ನು ಬಿಟ್ಟುಕೊಡಲಿಲ್ಲ. ಕೈಬೊಟ್ ಆ ವರ್ಷದ ಪ್ರದರ್ಶನದಿಂದ ದೂರ ಉಳಿದ. ವಿಶೇಷವೆಂದರೆ, ಅಷ್ಟು ಜಗಳವಾದರೂ ಆತ ಉಯಿಲಿನಿಂದ ದೆಗಾನ ಕೃತಿಗಳನ್ನು ತೆಗೆದುಹಾಕಲಿಲ್ಲ. 1882ರ ಏಳನೆಯ ಪ್ರದರ್ಶನಕ್ಕೆ ಮೊನೆ ಮತ್ತು ರೆನ್ವಾರ್ ಮರಳಿದರು, ಕೈಬೊಟ್‌ನೂ ಜೊತೆಗೂಡಿದ. ಅದೇ ಆ ಗುಂಪಿನೊಂದಿಗೆ ಅವನ ಕೊನೆಯ ಪ್ರದರ್ಶನ.

ದೋಣಿ, ಹೂದೋಟ

1881ರಲ್ಲಿ ಸಹೋದರರು ಅರ್ಜಂಟೈ ಪಟ್ಟಣದ ಎದುರು ದಡದ ಪೆಟಿ ಜೆನ್‌ವಿಲಿಯೆಯಲ್ಲಿ ಜಾಗ ಕೊಂಡರು. ಮಾರ್ಷಿಯಲ್‌ಗೆ ಮದುವೆಯಾದ ಬಳಿಕ, 1888ರಿಂದ, ಗುಸ್ತಾವ್ ಅಲ್ಲಿಯೇ ಕಾಯಂ ನೆಲೆಸಿದ. ಪ್ಯಾರಿಸ್‌ನ ಹಾಯಿದೋಣಿ ಸಂಘದ ಉಪಾಧ್ಯಕ್ಷನಾಗಿದ್ದ ಆತ ಸ್ಪರ್ಧೆಗಳಲ್ಲಿ ಗೆದ್ದ, ಸ್ವತಃ ದೋಣಿಗಳ ವಿನ್ಯಾಸವನ್ನೂ ರಚಿಸಿದ. ಕೈಯಿಟ್ಟ ಕೆಲಸವನ್ನು ಅರ್ಧಕ್ಕೆ ಬಿಡುವ ಜಾಯಮಾನ ಅವನದಲ್ಲ. ತಮ್ಮನೊಡನೆ ಕೂಡಿಸಿದ್ದ ಅಂಚೆಚೀಟಿಗಳ ಸಂಗ್ರಹ ಇಂಗ್ಲೆಂಡಿನ ಟ್ಯಾಪ್ಲಿಂಗ್ ಎಂಬ ಸಂಗ್ರಾಹಕನ ಕೈಸೇರಿ ಇಂದು ಬ್ರಿಟಿಷ್ ಲೈಬ್ರರಿಯ ಆಸ್ತಿಯಾಗಿದೆ.

ರೆನ್ವಾರ್ ಈ ನದೀತೀರದ ಗೆಳೆತನಕ್ಕೆ ಒಂದು ಸಾಕ್ಷ್ಯವನ್ನು ಬಿಟ್ಟುಹೋಗಿದ್ದಾನೆ. ಅಮೆರಿಕದ ವಾಷಿಂಗ್ಟನ್‌ನ ಫಿಲಿಪ್ಸ್ ಸಂಗ್ರಹದಲ್ಲಿರುವ, ದೋಣಿವಿಹಾರಿಗಳ ಭೋಜನಕೂಟವನ್ನು ತೋರುವ ಅವನ ಪ್ರಸಿದ್ಧ ಚಿತ್ರದ ಬಲಬದಿಯಲ್ಲಿ, ಕುರ್ಚಿಯನ್ನು ಹಿಂದುಮುಂದಾಗಿಸಿ ಕುಳಿತ ಹುಲ್ಲುಟೋಪಿಯ ಯುವಕ ಕೈಬೊಟ್‌ನೇ.

ಪೆಟಿ ಜೆನ್‌ವಿಲಿಯೆಯಲ್ಲಿ ಆತ ವಿಶಾಲವಾದ ಹೂದೋಟವನ್ನೂ ಆರ್ಕಿಡ್‌ಗಳಿಗೆ ಗಾಜಿನ ಮನೆಯನ್ನೂ ಕಟ್ಟಿದ. ಜಿವರ್ನಿಯಲ್ಲಿ ತೋಟ ಮಾಡುತ್ತಿದ್ದ ಮೊನೆಯೊಡನೆ ಗಿಡಗಳ ಕುರಿತು ಪತ್ರವ್ಯವಹಾರ ನಡೆಯುತ್ತಿತ್ತು. ಕೊನೆಯ ದಿನಗಳಲ್ಲಿ ಊಟದ ಕೋಣೆಯನ್ನು ಹೂಗಳ ಚಿತ್ರಫಲಕಗಳಿಂದ ತುಂಬಿಸಲು ಹೊರಟಿದ್ದ. ದಿಗಂತವಿಲ್ಲದೆ ಇಡೀ ಹಲಗೆಯನ್ನು ಹೂವೇ ಆವರಿಸುವ ಆ ಫಲಕಗಳಲ್ಲಿ ಮೊನೆಯ ಮುಂದಿನ ನೈದಿಲೆಗಳ ಬೃಹತ್ ಫಲಕಗಳ ಮುನ್ಸೂಚನೆಯನ್ನು ಕಂಡ ವಿದ್ವಾಂಸರಿದ್ದಾರೆ.

ಆ ಕೆಲಸ ಪೂರ್ಣವಾಗಲಿಲ್ಲ. 1894ರ ಫೆಬ್ರವರಿ 21ರಂದು ಶ್ವಾಸಕೋಶದ ಕಾಯಿಲೆಯಿಂದ ಕೈಬೊಟ್ ಕೊನೆಯುಸಿರೆಳೆದ. ಆಗ ಅವನಿಗೆ 45 ವರ್ಷ. ಪ್ಯಾರಿಸ್‌ನ ಪೇರ್ ಲಶೇಸ್ ಸ್ಮಶಾನದಲ್ಲಿ ಅಂತ್ಯಸಂಸ್ಕಾರ ನಡೆಯಿತು.

ಬೇಡವೆಂದ ಸರ್ಕಾರ

ಉಯಿಲನ್ನು ತೆರೆದಾಗ ಸರ್ಕಾರಕ್ಕೆ ಇಕ್ಕಟ್ಟು ಎದುರಾಯಿತು. ಅರವತ್ತಕ್ಕೂ ಹೆಚ್ಚು ಚಿತ್ರಗಳು, ಎಲ್ಲವನ್ನೂ ಗೋಡೆಗೆ ತೂಗಲೇಬೇಕೆಂಬ ಷರತ್ತು. ಲುಕ್ಸಂಬೂರ್ ಸಂಗ್ರಹಾಲಯವೋ ಚಿಕ್ಕದು. ಒಬ್ಬೊಬ್ಬ ಕಲಾವಿದನ ಕೆಲವೇ ಕೃತಿಗಳನ್ನಿಡುವುದು ಅಲ್ಲಿಯ ಪದ್ಧತಿ. ಸ್ಥಳದ ಕೊರತೆ ಸುಳ್ಳಾಗಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡದು ವಿರೋಧದ ಗದ್ದಲ. ಸಾಂಪ್ರದಾಯಿಕ ಶೈಲಿಯ ಮೇರು ಚಿತ್ರಕಾರ ಜೆರೋಮ್, ಇಂಥ ಕೃತಿಗಳನ್ನು ಸರ್ಕಾರ ಸ್ವೀಕರಿಸುವುದು ರಾಷ್ಟ್ರದ ಅಧಃಪತನವೆಂಬಂತೆ ಹರಿಹಾಯ್ದ.

ರೆನ್ವಾರ್ ಮತ್ತು ಮಾರ್ಷಿಯಲ್ ಎದೆಗುಂದಲಿಲ್ಲ. ಅಧಿಕಾರಿಗಳೊಡನೆ ಎರಡು ವರ್ಷ ಮಾತುಕತೆ ನಡೆಯಿತು. ಎಲ್ಲವನ್ನೂ ಕೊಡುತ್ತೇವೆಂದರೆ ಎಲ್ಲವನ್ನೂ ಕಳೆದುಕೊಳ್ಳುವ ಭಯ. ಕೆಲವನ್ನಷ್ಟೇ ಕೊಟ್ಟರೆ ಸತ್ತವನ ಮಾತಿಗೆ ಭಂಗ. ಕೊನೆಗೆ 1896ರಲ್ಲಿ ರಾಜಿಯಾಗಿ ಸರ್ಕಾರ 38 ಚಿತ್ರಗಳನ್ನು ಆರಿಸಿಕೊಂಡಿತು. ದೆಗಾನ ಏಳೂ ಕೃತಿಗಳು ಒಪ್ಪಿತವಾದವು. ಸೆಜಾನ್‌ನ ಐದರಲ್ಲಿ ಎರಡು ಮಾತ್ರ ಒಳಗೆ ಬಂದವು. 1897ರಲ್ಲಿ ಲುಕ್ಸಂಬೂರ್‌ನ ಹೊಸ ಕೋಣೆ ಸಾರ್ವಜನಿಕರಿಗೆ ತೆರೆಯಿತು. ಅಕಾಡೆಮಿಯ ಸದಸ್ಯರು ಸಚಿವರಿಗೆ ಪ್ರತಿಭಟನೆ ಸಲ್ಲಿಸಿದರು, ಸೆನೆಟ್‌ನಲ್ಲೂ ಪ್ರಶ್ನೆ ಎದ್ದಿತು. ಅಷ್ಟಾದರೂ ಇಂಪ್ರೆಷನಿಸ್ಟರು ಒಂದು ಗುಂಪಾಗಿ ಫ್ರಾನ್ಸಿನ ಸಾರ್ವಜನಿಕ ಸಂಗ್ರಹಾಲಯದ ಗೋಡೆಯೇರಿದ್ದು ಅಂದು, ಮೊದಲ ಬಾರಿಗೆ. ಉಯಿಲು ಬರೆದು ಆಗ ಸರಿಸುಮಾರು ಇಪ್ಪತ್ತು ವರ್ಷ ಕಳೆದಿತ್ತು.

ಉಳಿದ ಚಿತ್ರಗಳನ್ನು 1904ರಲ್ಲೂ 1908ರಲ್ಲೂ ಮತ್ತೆ ಕೊಡಮಾಡಲಾಯಿತು. ಎರಡು ಬಾರಿಯೂ ಸರ್ಕಾರ ಬೇಡವೆಂದಿತು. 1928ರಲ್ಲಿ ಸರ್ಕಾರವೇ ಅವುಗಳಿಗೆ ಕೈಚಾಚಿದಾಗ ಕುಟುಂಬ ಒಪ್ಪಲಿಲ್ಲ. ತಿರಸ್ಕೃತ ಚಿತ್ರಗಳು ಬೇರೆಬೇರೆ ಕೈಗಳಿಗೆ ಹಂಚಿಹೋದವು. ಅವುಗಳಲ್ಲೊಂದಾದ ಸೆಜಾನ್‌ನ ಸ್ನಾನಿಗರ ಚಿತ್ರ ಇಂದು ಅಮೆರಿಕದ ಫಿಲಡೆಲ್ಫಿಯಾದ ಬಾರ್ನ್ಸ್ ಫೌಂಡೇಶನ್‌ನಲ್ಲಿದೆ. ಒಪ್ಪಿಕೊಂಡ ಚಿತ್ರಗಳು 1929ರಲ್ಲಿ ಲೂವ್ರ್ ಸೇರಿ, ದಾನಿಯ ಇಚ್ಛೆ ಭಾಗಶಃ ಈಡೇರಿತು. 1986ರಲ್ಲಿ ಒರ್ಸೇ ಆರಂಭವಾದಾಗ ಅಲ್ಲಿಗೆ ಸ್ಥಳಾಂತರಗೊಂಡವು.

ಮರಳಿ ಬಂದ ಹೆಸರು

ಇಷ್ಟೆಲ್ಲ ಮಾಡಿದವನ ಸ್ವಂತ ಚಿತ್ರಗಳಿಗೆ ಏನಾಯಿತು? ಹೊಟ್ಟೆಪಾಡಿಗೆ ಚಿತ್ರ ಮಾರುವ ಅಗತ್ಯ ಅವನಿಗಿರಲಿಲ್ಲ. ಮಾರಾಟವಾಗದ ಚಿತ್ರಗಳು ವ್ಯಾಪಾರಿಗಳ ಕೈಗೆ ಹೋಗಲಿಲ್ಲ, ಸಂಗ್ರಾಹಕರ ಮನೆಗಳಿಗೂ ತಲುಪಲಿಲ್ಲ. ಬಹುಪಾಲು ಕೃತಿಗಳು ಕುಟುಂಬದವರ ಗೋಡೆಗಳಲ್ಲೇ ಉಳಿದವು. 1894ರಲ್ಲಿ ದ್ಯುರಾಂ ರುಯೆಲ್ ಸ್ಮರಣಾರ್ಥ ಪ್ರದರ್ಶನ ಏರ್ಪಡಿಸಿದನಾದರೂ ಅದರ ನೆನಪು ಬೇಗನೆ ಮಾಸಿತು. ಅನುಕೂಲಸ್ಥ ಗೆಳೆಯ, ಹವ್ಯಾಸಿ ಚಿತ್ರಕಾರ ಎಂಬ ಎರಡು ಪದಗಳಲ್ಲಿ ಇತಿಹಾಸಕಾರರು ಅವನನ್ನು ಮುಗಿಸಿದರು. ಬಡತನದ ಕಥೆಯನ್ನು ಮೆಚ್ಚುವ ಜಗತ್ತಿನಲ್ಲಿ ಅವನ ಸಿರಿತನವೇ ಅವನಿಗೆ ಮುಳುವಾಯಿತು.

1950ರ ದಶಕದಲ್ಲಿ ಕುಟುಂಬದವರು ಚಿತ್ರಗಳನ್ನು ಮಾರಲಾರಂಭಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. 1964ರಲ್ಲಿ 'ಪ್ಯಾರಿಸ್ ಬೀದಿ, ಮಳೆಯ ದಿನ' ಶಿಕಾಗೋ ಕಲಾಸಂಸ್ಥೆಯನ್ನು ಸೇರಿ ಅಲ್ಲಿಯ ಅತ್ಯಂತ ಜನಪ್ರಿಯ ಚಿತ್ರಗಳಲ್ಲೊಂದಾಯಿತು. 1970ರ ದಶಕದಲ್ಲಿ ಅಮೆರಿಕದಲ್ಲೂ, ಶತಮಾನದ ಪುಣ್ಯಸ್ಮರಣೆಯ ವರ್ಷವಾದ 1994ರಲ್ಲಿ ಪ್ಯಾರಿಸ್‌ನಲ್ಲೂ ದೊಡ್ಡ ಪ್ರದರ್ಶನಗಳು ನಡೆದವು. ಕಿಟಕಿಯ ಬಳಿ ನಿಂತ ರೆನೆಯ ಚಿತ್ರವನ್ನು 2021ರಲ್ಲಿ ಲಾಸ್ ಏಂಜಲೀಸ್‌ನ ಗೆಟಿ ಸಂಗ್ರಹಾಲಯ 5.3 ಕೋಟಿ ಡಾಲರ್‌ಗೆ ಹರಾಜಿನಲ್ಲಿ ಕೊಂಡಿತು. ಎತ್ತರದ ಟೋಪಿ ತೊಟ್ಟು ಹುಟ್ಟು ಹಾಕುವವನ ಚಿತ್ರವಾದ 'ದೋಣಿವಿಹಾರ'ವನ್ನು ರಾಷ್ಟ್ರೀಯ ಸಂಪತ್ತೆಂದು ಘೋಷಿಸಿದ ಫ್ರಾನ್ಸ್, ಖಾಸಗಿ ಸಂಸ್ಥೆಯೊಂದು ನೀಡಿದ 4.3 ಕೋಟಿ ಯೂರೋ ನೆರವಿನಿಂದ ಒರ್ಸೇಗಾಗಿ ಖರೀದಿಸಿದ್ದನ್ನು 2023ರ ಜನವರಿಯಲ್ಲಿ ಪ್ರಕಟಿಸಿತು. 2024ರ ಅಕ್ಟೋಬರ್‌ನಿಂದ ಒರ್ಸೇ, ಗೆಟಿ, ಶಿಕಾಗೋಗಳಲ್ಲಿ ಸರದಿಯಾಗಿ ಅವನ ಪ್ರದರ್ಶನ ನಡೆಯಿತು. ಒಂದು ಕಾಲಕ್ಕೆ ಪುಕ್ಕಟೆಯಾಗಿ ಕೊಟ್ಟ ಚಿತ್ರಗಳನ್ನು ಬೇಡವೆಂದಿದ್ದ ದೇಶ, ಅದನ್ನು ಕೊಟ್ಟವನ ಒಂದೇ ಚಿತ್ರವನ್ನು ಉಳಿಸಿಕೊಳ್ಳಲು ಇಷ್ಟು ದೊಡ್ಡ ಮೊತ್ತವನ್ನು ಹೊಂದಿಸಬೇಕಾಯಿತು.

1876ರ ಉಯಿಲಿನಲ್ಲಿ ಸರ್ಕಾರಕ್ಕೆಂದು ಬಿಟ್ಟುಕೊಟ್ಟ ಚಿತ್ರಗಳ ಸಾಲಿನಲ್ಲಿ ಕೈಬೊಟ್ ತನ್ನದೊಂದು ಕೃತಿಯನ್ನೂ ಸೇರಿಸಿರಲಿಲ್ಲ. ಅವನ ಮರಣದ ನಂತರ ರೆನ್ವಾರ್ ಮತ್ತು ಮಾರ್ಷಿಯಲ್ ಆ ಲೋಪವನ್ನು ತುಂಬಿದರು. ದಾನದ ಚಿತ್ರಗಳ ಜೊತೆಗೆ, ಸಲೋನ್ ಹಿಂದಕ್ಕೆ ಕಳುಹಿಸಿದ್ದ 'ನೆಲ ಹೆರೆಯುವವರು' ಕೂಡ ಲುಕ್ಸಂಬೂರ್‌ನ ಗೋಡೆಯನ್ನು ಸೇರಿತು. ಇಂದು ಆ ಮೂವರು ಕೂಲಿಕಾರರು ಅವನ ಗೆಳೆಯರ ಚಿತ್ರಗಳಿರುವ ಒರ್ಸೇಯಲ್ಲೇ ಇದ್ದಾರೆ.